ಹದಿನೈದರ ಹುಡುಗನಿಗೆ ಈಸ್ಟರ್‌ಗೆ ಏನು ಕೊಡುವುದು ಮಾರಾಯ್ರೆ?

ಒರ್ಲೆಂ ಅಮ್ಮ:
ಮುಂಬೈ, ಪುಣೆ, ಗೋವಾ ಕಡೆ ಇರುವ ನಮ್ಮವರೆಲ್ಲ ನನಗಾಗಿ ಸ್ವಲ್ಪ ತಲೆ ಓಡಿಸಿ. ಈ ಸಲ, 2026ರಲ್ಲಿ, ಈಸ್ಟರ್ ಏಪ್ರಿಲ್ 5ಕ್ಕೆ, ಇನ್ನು ಮೂರೇ ವಾರ. ಮಗನಿಗೆ 15, ಮಗಳಿಗೆ 13. ಸಣ್ಣವರಿದ್ದಾಗ ಚಿಂತೆಯೇ ಇರಲಿಲ್ಲ. ಬಾಂದ್ರಾಕ್ಕೆ ಹೋಗಿ ಹಿಲ್ ರೋಡಿನಲ್ಲಿ ಹೆಸರು ಬರೆಸಿದ ಮಾರ್ಜಿಪಾನ್ ಮೊಟ್ಟೆ, ಅದೇ ಗೋಡಂಬಿ ಸಕ್ಕರೆಯ ಮಿಠಾಯಿಯದ್ದು, ತಂದರೆ ಮುಗಿಯಿತು. ಕಳೆದ ವರ್ಷವೂ ತಂದೆ. ಊಟಕ್ಕೆ ಹದಿನೈದು ಜನ ನೆಂಟರು ಕೂತಿದ್ದರು. ಎಲ್ಲರ ಎದುರು ಮಗನನ್ನು ಕರೆದು ಕೊಟ್ಟೆ. ಹಳದಿ ರಿಬ್ಬನ್, ಮೇಲೆ ಸಕ್ಕರೆಯ ಕೋಳಿಮರಿ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, "ಅಮ್ಮ, ನಾನೇನು ಮಗುವಾ?" ಎಂದವನೇ ಪಕ್ಕದಲ್ಲಿದ್ದ ಆರು ವರ್ಷದ ಕಸಿನ್ ಕೈಗೆ ದಾಟಿಸಿಬಿಟ್ಟ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುವಾಗ ಮಾತ್ರ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಬಜೆಟ್ ಇಬ್ಬರಿಗೂ ಸೇರಿ ಎರಡು ಸಾವಿರ. ಇನ್ನೊಂದು ತೊಡಕಿದೆ. ಮಗ ಈ ಕರೆಜ್ಮ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ, ಮೊಬೈಲ್ ಗೇಮ್ ಬಿಟ್ಟಿದ್ದಾನೆ. ಫೆಬ್ರುವರಿ 18ರ ಬೂದಿ ಬುಧವಾರದಿಂದ ಮುಟ್ಟಿಲ್ಲ. ನಮ್ಮ ಯಜಮಾನರು ಹೇಳುತ್ತಾರೆ, ಪಾಪ ಇಷ್ಟು ದಿನ ಬಿಟ್ಟಿದ್ದಾನೆ, ಈಸ್ಟರ್‌ಗೆ ಅದೇ ಗೇಮಿಗೆ ಸಾವಿರ ರೂಪಾಯಿ ಹಾಕಿಕೊಡೋಣ ಅಂತ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಕ್ಯಾಂಪ್ ಪುಣೆಕರ:
ಕವರ್ ತಗೊಳ್ಳಿ, ಐನೂರರ ಎರಡು ನೋಟು ಹಾಕಿ, ಕೈಗೆ ಕೊಡಿ. ಇಷ್ಟಕ್ಕೆ ಇಷ್ಟುದ್ದ ಬರೀಬೇಕಾ? ನನ್ನ ಇಬ್ಬರು ಗಂಡುಮಕ್ಕಳಿಗೆ ಹನ್ನೆರಡು ದಾಟಿದ ಮೇಲೆ ದುಡ್ಡೇ. ನಾನು ತಂದ ಟೀ ಶರ್ಟ್ ಅವರು ಹಾಕಲ್ಲ, ಅವರು ಹಾಕೋದು ನಾನು ನೋಡಲಾರೆ.

ಮಾಟುಂಗ ಅಕ್ಕ:
ನಾವು ಕ್ರಿಶ್ಚಿಯನ್ನರಲ್ಲ, ಆದರೆ ನಮ್ಮ ಮಹಡಿಯಲ್ಲಿ ಎರಡು ಮಂಗಳೂರು ಕುಟುಂಬ ಇದೆ, ಅದಕ್ಕೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಕ್ರಿಸ್ಮಸ್‌ಗೆ ಉಡುಗೊರೆ ಗೊತ್ತು. ಈಸ್ಟರ್‌ಗೂ ಕೊಡುವ ಪದ್ಧತಿ ನಿಮ್ಮಲ್ಲಿ ಮೊದಲಿಂದ ಇದೆಯಾ, ಇಲ್ಲಾ ಈ ಮಾಲ್‌ನವರು ಕಲಿಸಿದ್ದಾ?

ವಸಾಯಿ ಮೇಷ್ಟ್ರು:
ಒಳ್ಳೆಯ ಪ್ರಶ್ನೆ ಕೇಳಿದಿರಿ ಅಕ್ಕ. ನಾನು ಹುಟ್ಟಿದ್ದು ಕಾರ್ಕಳದ ಕಡೆ, ಈಗ 71. ನಮ್ಮ ಮನೆಯಲ್ಲಿ ಈಸ್ಟರ್ ಅಂದರೆ ರಾತ್ರಿ ಪೂಜೆ, ಬೆಳಿಗ್ಗೆ ಇಡ್ಲಿಯಂಥ ಸನ್ನ ಮತ್ತು ಮಾಂಸದ ಊಟ. ಹೊಸ ಅಂಗಿ ಸಿಕ್ಕಿದರೆ ಪುಣ್ಯ. ಚಾಕೊಲೇಟ್ ಮೊಟ್ಟೆ ಕಂಡವರೇ ಇಲ್ಲ. ಮೊಟ್ಟೆಯ ಪದ್ಧತಿ ಬಂದದ್ದು ಯುರೋಪಿನಿಂದ. ಅಲ್ಲಿ ಹಿಂದೆ ತಪಸ್ಸು ಕಾಲದಲ್ಲಿ ಮಾಂಸದ ಜೊತೆ ಮೊಟ್ಟೆಯೂ ನಿಷಿದ್ಧ. ಆದರೆ ಕೋಳಿಗೆ ಇದೆಲ್ಲ ಗೊತ್ತಿಲ್ಲವಲ್ಲ, ಅದು ಇಡುತ್ತಲೇ ಇತ್ತು. ಈಸ್ಟರ್ ಬರುವಷ್ಟರಲ್ಲಿ ಮನೆ ತುಂಬ ಮೊಟ್ಟೆ. ಬೇಯಿಸಿ, ಬಣ್ಣ ಹಚ್ಚಿ, ಮಕ್ಕಳಿಗೆ, ಅಕ್ಕಪಕ್ಕದವರಿಗೆ ಹಂಚುತ್ತಿದ್ದರು. ಪೂರ್ವ ಯುರೋಪಿನ ಕಡೆಯ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಈಗಲೂ ಕೆಂಪು ಬಣ್ಣ ಹಚ್ಚುತ್ತಾರೆ. ಚಾಕೊಲೇಟಿನದು ತೀರಾ ಈಚಿನದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಫ್ರೈ ಕಂಪನಿ 1873ರಲ್ಲಿ ಮಾಡಿತು, ಎರಡು ವರ್ಷದ ನಂತರ ಕ್ಯಾಡ್ಬರಿ ಶುರು ಮಾಡಿತು. ಅಂದರೆ ಮಾಲ್‌ಗಿಂತ ಹಳೆಯದು, ಬೈಬಲ್‌ಗಿಂತ ಬಹಳ ಹೊಸದು.

ಮಾಟುಂಗ ಅಕ್ಕ:
ಕೋಳಿಗೆ ಗೊತ್ತಿಲ್ಲ ಅನ್ನುವುದು ಭಾರಿ ಚೆನ್ನಾಗಿದೆ ಮೇಷ್ಟ್ರೇ. ನಮ್ಮ ಚಾತುರ್ಮಾಸದಲ್ಲಿ ಬದನೆಕಾಯಿ ಬಿಡುತ್ತಾರಲ್ಲ, ಆ ತಿಂಗಳಲ್ಲೇ ನಮ್ಮತ್ತೆಯ ಹಿತ್ತಿಲಲ್ಲಿ ಗಿಡ ಬಗ್ಗುವಷ್ಟು ಬಿಡುತ್ತಿತ್ತು.

ಕಲೀನಾ ಕಿಚನ್:
ಒರ್ಲೆಂ ಅಕ್ಕ, ನಾನು ಮನೆಯಲ್ಲೇ ಈಸ್ಟರ್ ಎಗ್ ಮಾಡಿ ಮಾರುತ್ತೇನೆ, ಅದಕ್ಕೆ ಹೇಳಬಾರದು, ಆದರೂ ಹೇಳುತ್ತೇನೆ: ಟೀನೇಜ್ ಮಕ್ಕಳಿಗೆ ಆ ದೊಡ್ಡ ಟೊಳ್ಳು ಚಾಕೊಲೇಟ್ ಮೊಟ್ಟೆ ತರಲೇಬೇಡಿ. ಒಳಗೆ ಎರಡು ಜೆಮ್ಸ್ ಗುಳಿಗೆ ಬಿಟ್ಟರೆ ಬರೀ ಗಾಳಿ. ಇನ್ನು ಅದರ ಸಿಪ್ಪೆ ಬಹಳ ಕಡೆ ನಿಜವಾದ ಚಾಕೊಲೇಟ್ ಅಲ್ಲ, ಕಾಂಪೌಂಡ್. ಕೊಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಬಾಯಿಗಿಟ್ಟ ತಕ್ಷಣ ಕರಗುವುದೂ ಅದಕ್ಕೇ. ಏಪ್ರಿಲ್‌ನ ಮುಂಬೈಯಲ್ಲಿ ಅಡುಗೆಮನೆಯೇ ಅಷ್ಟು ಬಿಸಿ. ಹಾಗಾಗಿ ಬೇರೆ ವನಸ್ಪತಿ ಕೊಬ್ಬು ಹಾಕಿದ ಕಾಂಪೌಂಡ್ ಬಳಸುತ್ತಾರೆ. ಅದು ಅಚ್ಚಿನಲ್ಲಿ ಚೆನ್ನಾಗಿ ನಿಲ್ಲುತ್ತದೆ, ಹೊಳೆಯುತ್ತದೆ, ಆದರೆ ನಾಲಿಗೆಗೆ ಮೇಣ ಮೇಣ. ಸಣ್ಣವರಿಗೆ ಗೊತ್ತಾಗುವುದಿಲ್ಲ. ಹದಿನೈದರ ಹುಡುಗರಿಗೆ ಗೊತ್ತಾಗುತ್ತದೆ. ಅದೇ ದುಡ್ಡಿಗೆ ಒಳ್ಳೆಯ ಡಾರ್ಕ್ ಚಾಕೊಲೇಟ್ ಬಾರ್ ಎರಡು ಕೊಡಿ, ಫ್ರಿಜ್‌ನಲ್ಲಿಡಿ.

ಕ್ಯಾಂಪ್ ಪುಣೆಕರ:
ನೋಡಿ, ಮಾರುವವರೇ ತರಬೇಡಿ ಅಂತಿದ್ದಾರೆ. ಕವರ್. ಕವರ್. ಕವರ್.

ವಾಸ್ಕೋ ಹುಬ್ಬಳ್ಯಾವ:
ನಮಸ್ಕಾರ್ರಿ. ನಾನು ಹುಬ್ಬಳ್ಳಿಯವ, ಗೋವಾದ ವಾಸ್ಕೋದಲ್ಲಿ ಹದಿನೆಂಟು ವರ್ಷ ಆಯ್ತು. ನನ್ನದೂ ಇದೇ ತಲೆನೋವು ಐತ್ರಿ, ಸ್ವಲ್ಪ ಬೇರೆ ಥರ. ಪಕ್ಕದ ಮನೆಯವರು ಗೋವಾದ ಕ್ಯಾಥೊಲಿಕ್ ಮಂದಿ. ಅವರ ದೊಡ್ಡ ಮಗಳು ಹನ್ನೊಂದನೇ ಇಯತ್ತೆ, ನನ್ನ ಮಗಳಿಗೆ ದಿನಾ ಸಂಜೆ ಗಣಿತ ಹೇಳಿಕೊಡುತ್ತಾಳೆ. ದುಡ್ಡು ಕೊಟ್ಟರೆ ಅವರ ತಾಯಿ ಒಲ್ಲೆ ಅಂತಾರೆ. ಈಸ್ಟರ್ ನೆಪದಲ್ಲಾದರೂ ಏನಾದರೂ ಕೊಡಬೇಕು. ಹೋದ ವರ್ಷ ಒಂದು ತಪ್ಪು ಮಾಡಿದೆ. ಶುಕ್ರವಾರ ಬೆಳಿಗ್ಗೆ ಕೇಕ್ ತಗೊಂಡು ಹೋಗಿ "ಹ್ಯಾಪಿ ಗುಡ್ ಫ್ರೈಡೆ" ಅಂದುಬಿಟ್ಟೆ. ಅವರ ಅಜ್ಜಿ ಕರಿ ಸೀರೆ ಉಟ್ಟು ಜಪಮಾಲೆ ಹಿಡಿದು ಕೂತಿದ್ದರು. ಯಾರೂ ಬೈಯಲಿಲ್ಲ. ಕೇಕ್ ಒಳಗಿಟ್ಟು ಬಂದು ನೀರು ಕೊಟ್ಟರು. ನನಗೆ ನೆಲ ಬಿರಿದರೆ ಸಾಕು ಅನ್ನಿಸಿತು.

ವಸಾಯಿ ಮೇಷ್ಟ್ರು:
ಬೇಸರ ಬೇಡ ತಮ್ಮ, ಪ್ರತಿ ವರ್ಷ ನನಗೂ ಹತ್ತು ಮೆಸೇಜ್ ಬರುತ್ತದೆ ಹಾಗೆ, ಗುಲಾಬಿ ಹೂವಿನ ಚಿತ್ರ ಸಮೇತ. ಶುಕ್ರವಾರ ಯೇಸು ಶಿಲುಬೆಯಲ್ಲಿ ಪ್ರಾಣ ಬಿಟ್ಟ ದಿನ, ಉಪವಾಸದ ದಿನ. ಹಬ್ಬ ಭಾನುವಾರ. ಇದು ನಿಮ್ಮ ಪಂಚಾಂಗದ ಹಾಗೆ ಚಂದ್ರನ ಲೆಕ್ಕ, ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ. ಈ ಸಲ ಏಪ್ರಿಲ್ 2ಕ್ಕೆ ಹುಣ್ಣಿಮೆ, ಇಲ್ಲಿ ಮಹಾರಾಷ್ಟ್ರದಲ್ಲಿ ಅದೇ ದಿನ ಹನುಮಾನ್ ಜಯಂತಿ. ಮರುದಿನ ಗುಡ್ ಫ್ರೈಡೆ.

ಒರ್ಲೆಂ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್, ಆದರೆ ನನ್ನ ಗೇಮ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಕ್ಯಾಂಪ್ ಪುಣೆಕರ:
ನಿಮ್ಮ ಯಜಮಾನರದ್ದೇ ಸರಿ. ಹುಡುಗ ಮಾತು ಉಳಿಸಿಕೊಂಡಿದ್ದಾನೆ, ಬಹುಮಾನ ಬೇಡವಾ? ಆಫೀಸಿನಲ್ಲಿ ಟಾರ್ಗೆಟ್ ಮುಟ್ಟಿದರೆ ಬೋನಸ್ ಕೇಳಲ್ವಾ ನಾವು?

ವಸಾಯಿ ಮೇಷ್ಟ್ರು:
ತಪಸ್ಸಿಗೆ ಬೋನಸ್ಸಾ? ಇದೊಂದು ಕೇಳಿರಲಿಲ್ಲ. ಬಿಟ್ಟದ್ದನ್ನೇ ಎರಡು ಪಟ್ಟು ಮಾಡಿ ತಟ್ಟೆಗೆ ಹಾಕಿದರೆ ಬಿಟ್ಟದ್ದು ಯಾಕೆ ಹೇಳಿ. ಕುಡಿತ ಬಿಟ್ಟವನಿಗೆ ಈಸ್ಟರ್ ದಿನ ಬಾಟಲಿ ಕೊಟ್ಟ ಹಾಗಾಯಿತು. ಆ ಉಳಿದ ದುಡ್ಡು ಬಡವರಿಗೆ ಹೋಗಬೇಕು, ಚರ್ಚಿನಲ್ಲಿ ಮಕ್ಕಳಿಗೆ ಡಬ್ಬಿ ಕೊಡುವುದು ಅದಕ್ಕೇ.

ಕ್ಯಾಂಪ್ ಪುಣೆಕರ:
ಕುಡಿತಕ್ಕೂ ಗೇಮಿಗೂ ಎಲ್ಲಿಯ ಹೋಲಿಕೆ ಮೇಷ್ಟ್ರೇ? ನಾವು ತಪಸ್ಸು ಕಾಲದಲ್ಲಿ ಮಾಂಸ ಬಿಡುತ್ತೇವೆ. ಈಸ್ಟರ್ ಮಧ್ಯಾಹ್ನ ಏನು ತಿನ್ನುತ್ತೀರಿ ನೀವು? ಹಂದಿಮಾಂಸದ ಬಾಫತ್ ತಾನೇ? ಎರಡು ಸಲ ಹಾಕಿಸಿಕೊಂಡು? ದೊಡ್ಡವರು ಬಿಟ್ಟದ್ದನ್ನು ತಿಂದರೆ ಹಬ್ಬ, ಹುಡುಗ ಬಿಟ್ಟದ್ದನ್ನು ಆಡಿದರೆ ಪಾಪ!

ಕಲೀನಾ ಕಿಚನ್:
ಪುಣೆ ಅಣ್ಣ ಈ ಸಲ ಸರಿಯಾಗಿ ಹೊಡೆದರು, ಒಪ್ಪಬೇಕು.

ವಸಾಯಿ ಮೇಷ್ಟ್ರು:
ಒಪ್ಪಿದೆ, ಬಾಫತ್ ಎರಡು ಸಲ ಹಾಕಿಸಿಕೊಳ್ಳುತ್ತೇನೆ. ಆದರೆ ಅದು ಒಂದು ಊಟ. ಎಲ್ಲರೂ ಒಟ್ಟಿಗೆ ಕೂತು ತಿನ್ನುವುದು. ಅವನು ಕೋಣೆ ಬಾಗಿಲು ಹಾಕಿಕೊಂಡು ಆಡುತ್ತಾನೆ. ಆಡಲಿ, ಬೇಡ ಅನ್ನುವುದಿಲ್ಲ. ಅದನ್ನು ಅಪ್ಪ ಅಮ್ಮ ರಿಬ್ಬನ್ ಕಟ್ಟಿ ಕೊಡುವುದು ಬೇಡ ಅಷ್ಟೇ.

ಒರ್ಲೆಂ ಅಮ್ಮ:
ಇನ್ನೊಂದು ಹೇಳಲಾ? ಮೂರನೇ ವಾರಕ್ಕೆ ಮಗ ಲೆಕ್ಕ ಹಾಕಿಕೊಂಡು ಬಂದ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಆಗುತ್ತದೆ, ನೀವು 40 ಅಂತೀರಿ, ಅಂದರೆ ಆರು ಭಾನುವಾರ ಲೆಕ್ಕಕ್ಕಿಲ್ಲ, ಭಾನುವಾರ ನಾನು ಆಡಬಹುದು ಅಂತ! ಫಾದರ್ ಹತ್ತಿರ ಕೇಳಿದರೆ ಅವರು ನಕ್ಕು, ಲೆಕ್ಕ ಸರಿ ಇದೆ ಅಂದುಬಿಟ್ಟರು. ಆದರೆ ಹುಡುಗ ಆಡಲಿಲ್ಲ ಮಾರಾಯ್ರೆ. ಲೆಕ್ಕ ಗೆದ್ದದ್ದೇ ಸಾಕಾಯಿತೋ ಏನೋ.

ಮಾಟುಂಗ ಅಕ್ಕ:
ಇಂಥ ಹುಡುಗನಿಗೆ ಗೇಮಿನ ದುಡ್ಡು ಬೇಡ, ವಕೀಲಿ ಓದಿಸಿ.

ಕಲೀನಾ ಕಿಚನ್:
ಗೇಮಿಗೆ ದುಡ್ಡು ಹಾಕುವ ಮೊದಲು ಅದು ಯಾವ ಥರದ್ದು ನೋಡಿ ಅಕ್ಕ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕಾನೂನಿನಲ್ಲಿ ನಿಷೇಧಿಸಿದ್ದಾರೆ. ಇವರು ಹೇಳುವುದು ಆಟದೊಳಗೆ ಬಂದೂಕಿಗೆ ಬಣ್ಣ, ಗೊಂಬೆಗೆ ಜಾಕೆಟ್ ಕೊಳ್ಳುವುದು ಇರಬೇಕು. ಅದು ಕಾನೂನಿಗೆ ವಿರುದ್ಧ ಅಲ್ಲ, ಆದರೆ ಸಾವಿರ ರೂಪಾಯಿ ಸಂಜೆಯೊಳಗೆ ಆವಿ. ನನ್ನ ತಂಗಿಯ ಮಗ ಅಪ್ಪನ ಫೋನಿಂದ ಒಂದು ರಾತ್ರಿಯಲ್ಲಿ ನಾಲ್ಕು ಸಾವಿರ ಖರ್ಚು ಮಾಡಿದ್ದ, ಕೇಳಿದರೆ "ಡ್ರಾಗನ್ ಸಿಕ್ಕಿತು" ಅಂದ. ಡ್ರಾಗನ್ ಎಲ್ಲಿದೆಯೋ ದೇವರಿಗೇ ಗೊತ್ತು.

ಹತ್ತನೇ ಮುಗೀತು:
ಹಾಯ್. ನಾನು ಇಲ್ಲಿ ಬರೀಬಹುದಾ ಗೊತ್ತಿಲ್ಲ, ನನಗೆ 16, ಠಾಣೆಯಲ್ಲಿದ್ದೇವೆ. ಅಮ್ಮನ ಫೋನಿನಲ್ಲಿ ಇದನ್ನೆಲ್ಲ ಓದಿದೆ. ಕನ್ನಡ ಅಜ್ಜಿ ಕಲಿಸಿದ್ದು, ತಪ್ಪಿದ್ದರೆ ಕ್ಷಮಿಸಿ. ನೀವೆಲ್ಲ ನಮಗೆ ಏನು ಕೊಡಬೇಕು ಅಂತ ಮಾತಾಡುತ್ತಿದ್ದೀರಿ, ನಮ್ಮನ್ನು ಕೇಳುತ್ತಿಲ್ಲ.

ಒರ್ಲೆಂ ಆಂಟಿ, ನಿಮ್ಮ ಮಗ ಬೇಡ ಅಂದದ್ದು ಮೊಟ್ಟೆ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಹದಿನೈದು ಜನರ ಎದುರು ಕರೆದು ಕೊಟ್ಟಿರಲ್ಲ, ಅದು. ನನಗೂ ಹೀಗೇ ಆಗಿತ್ತು. ಎಂಟನೇ ಕ್ಲಾಸಿನಲ್ಲಿ ನಾನು ಕೂಡ "ನಾನು ದೊಡ್ಡವಳು" ಅಂತ ಮುಖ ಸಿಂಡರಿಸಿದೆ. ಮರುವರ್ಷ ಅಮ್ಮ ತರಲೇ ಇಲ್ಲ. ತಮ್ಮನಿಗೆ ಮಾತ್ರ ತಂದರು. ನನಗೆ ಕವರ್. ಪುಣೆ ಅಂಕಲ್, ಸಾರಿ, ಐನೂರು ರೂಪಾಯಿ ಇತ್ತು ಅದರಲ್ಲಿ, ಖುಷಿಯೇ. ಆದರೆ ರಾತ್ರಿ ತಮ್ಮ ಮಲಗಿದ ಮೇಲೆ ಅವನ ಮೊಟ್ಟೆಯ ಒಂದು ಬದಿ ಮುರಿದು ತಿಂದೆ, ಗೋಡೆ ಕಡೆ ತಿರುಗಿಸಿ ಇಟ್ಟೆ. ಮೊಟ್ಟೆ ನಿಲ್ಲಿಸಬೇಡಿ. ದಿಂಬಿನ ಹತ್ತಿರ ಇಟ್ಟು ಸುಮ್ನೆ ಹೋಗಿ. ಹೆಸರು ಬರೆದಿದ್ದರೂ ಪರವಾಗಿಲ್ಲ. ಕೋಳಿಮರಿ ಮಾತ್ರ ಬೇಡ.

ಮಾಟುಂಗ ಅಕ್ಕ:
ಅಯ್ಯೋ ಮಗಳೇ. ಗೋಡೆ ಕಡೆ ತಿರುಗಿಸಿ ಇಟ್ಟೆಯಾ!

ಕ್ಯಾಂಪ್ ಪುಣೆಕರ:
ನಾನು ಈಗ ಎರಡು ವರ್ಷ ಹಿಂದಕ್ಕೆ ಹೋಗಿ ಯೋಚನೆ ಮಾಡ್ತಾ ಇದ್ದೀನಿ. ಸಣ್ಣವನು ಕವರ್ ತಗೊಂಡು "ಥ್ಯಾಂಕ್ಸ್ ಡ್ಯಾಡ್" ಅಂದವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಇನ್ನೂ ದುಡ್ಡು ಬೇಕಿತ್ತೇನೋ ಅಂದುಕೊಂಡಿದ್ದೆ.

ಕಲೀನಾ ಕಿಚನ್:
ಪುಟ್ಟಿ, ನೀನು ಹೇಳಿದ್ದು ಸರಿ. ಸರಿ ಹಾಗಾದರೆ, ಮೊಟ್ಟೆ ಖಾತ್ರಿ ಆಯಿತು. ಮೊಟ್ಟೆಯ ಜೊತೆಗೆ ಏನು ಇಷ್ಟ ನಿಮ್ಮ ವಯಸ್ಸಿನವರಿಗೆ?

ಹತ್ತನೇ ಮುಗೀತು:
ಒಬ್ಬೊಬ್ಬರಿಗೆ ಒಂದೊಂದು ಆಂಟಿ. ನನ್ನ ಫ್ರೆಂಡ್ಸಿನಲ್ಲಿ ಒಬ್ಬಳಿಗೆ ಇಯರ್‌ಫೋನ್, ಒಬ್ಬನಿಗೆ ಫುಟ್‌ಬಾಲ್ ಶೂ. ನನಗೆ ಬೇಕಾದ್ದಕ್ಕೆ ದುಡ್ಡೇ ಬೇಡ. ಈಸ್ಟರ್ ರಾತ್ರಿ ಪೂಜೆ ಮುಗಿದ ಮೇಲೆ ಫ್ರೆಂಡ್ಸ್ ಜೊತೆ ಅರ್ಧ ಗಂಟೆ ಚರ್ಚ್ ಅಂಗಳದಲ್ಲಿ ನಿಲ್ಲಲು ಬಿಡಿ. ಎಲ್ಲರೂ ಹೊಸ ಬಟ್ಟೆ ಹಾಕಿರುತ್ತಾರೆ, ಕೈಯಲ್ಲಿ ಮೇಣದ ಬತ್ತಿ ಇರುತ್ತದೆ, ಆಗಲೇ "ನಡಿ ನಡಿ ರಿಕ್ಷಾ ಸಿಗಲ್ಲ" ಅಂತ ಎಳಕೊಂಡು ಹೋಗುತ್ತಾರೆ. ಮತ್ತೊಂದು. ಊಟಕ್ಕೆ ಬಂದ ಅಂಕಲ್‌ಗಳು ಎಷ್ಟು ಪರ್ಸೆಂಟ್ ಬರಬಹುದು ಅಂತ ಕೇಳಬಾರದು. ರಿಸಲ್ಟ್ ಇನ್ನೂ ಬಂದಿಲ್ಲ. ಆ ಒಂದು ದಿನ ಯಾರೂ ಕೇಳದಿದ್ದರೆ ಅದೇ ಗಿಫ್ಟ್.

ವಸಾಯಿ ಮೇಷ್ಟ್ರು:
ಈ ಪರ್ಸೆಂಟ್ ಕೇಳುವ ಅಂಕಲ್ ನಾನೇ. ಈ ವರ್ಷ ಬಾಯಿ ಮುಚ್ಚಿಕೊಳ್ಳುತ್ತೇನೆ ಮಗಾ.

ಆದರೂ ನನ್ನ ಒಂದು ಸಲಹೆ ಹೇಳಿಬಿಡುತ್ತೇನೆ. ಮಕ್ಕಳಿಗೆ ಅವರ ಹೆಸರು ಬರೆದ ಕನ್ನಡ ಬೈಬಲ್ ಕೊಡಿ. ದೊಡ್ಡವರಾದ ಮೇಲೆ ಕೈಗೆ ಬರುವುದು ಅದೇ.

ಕಲೀನಾ ಕಿಚನ್:
ಮೇಷ್ಟ್ರೇ, ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ ಹಿಂದಿ, ಬಸ್ಸಿನಲ್ಲಿ ಎಲ್ಲ ಸೇರಿ. ಕನ್ನಡ ಅಂಗಡಿ ಬೋರ್ಡ್ ಓದುವಷ್ಟೂ ಬರುವುದಿಲ್ಲ. ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ವಸಾಯಿ ಮೇಷ್ಟ್ರು:
ಧೂಳು ತಿನ್ನಲಿ. ನನ್ನ ಅಪ್ಪ ಕೊಟ್ಟದ್ದು ಮೂವತ್ತು ವರ್ಷ ಧೂಳು ತಿಂದಿತ್ತು. ಅವರು ಹೋದ ಮೇಲೆ ತೆಗೆದೆ. ಒಳಗೆ ಅವರ ಕೈಬರಹದಲ್ಲಿ ನನ್ನ ಹೆಸರು, ದಿನಾಂಕ, ಕೆಳಗೆ ಅಂದಿನ ಅಕ್ಕಿಯ ರೇಟು. ಯಾಕೆ ಬರೆದರೋ ಗೊತ್ತಿಲ್ಲ.

ಹತ್ತನೇ ಮುಗೀತು:
ಅಕ್ಕಿ ರೇಟ್ ಬರೆದಿದ್ದರೆ ನಾನೂ ತಗೊಳ್ಳುತ್ತೇನೆ ಅಂಕಲ್.

ಮಾಟುಂಗ ಅಕ್ಕ:
ನನ್ನದೊಂದು. ಊರಿಗೆ ಹೋಗುವ ಟಿಕೆಟ್ ಕೊಡಬಹುದಲ್ಲ? ಮತ್ಸ್ಯಗಂಧ ರೈಲಿನಲ್ಲಿ ಕೂರಿಸಿದರೆ ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಮಂಗಳೂರು. ನಮ್ಮ ಅಣ್ಣನ ಮಗನಿಗೆ ಹದಿನಾರಕ್ಕೆ ಅವನಪ್ಪ ಹೀಗೇ ಒಬ್ಬನನ್ನೇ ಉಡುಪಿಗೆ ಕಳಿಸಿದ್ದರು. ರತ್ನಾಗಿರಿ ಬರುವಷ್ಟರಲ್ಲಿ ತಂದ ಚಪಾತಿ ಖಾಲಿ, ರಾತ್ರಿಯೆಲ್ಲ ಸುರಂಗ ಎಣಿಸುತ್ತಾ ಕೂತಿದ್ದನಂತೆ. ಈಗ ಅವನಿಗೆ ಮೂವತ್ತು, ಇನ್ನೂ ಆ ಕತೆ ಹೇಳುತ್ತಾನೆ.

ಕ್ಯಾಂಪ್ ಪುಣೆಕರ:
ಈಸ್ಟರ್‌ಗೆ ಈಗ ಎಲ್ಲಿ ಸಿಗುತ್ತೆ ಅಕ್ಕ ಟಿಕೆಟ್? 2024ರ ನವೆಂಬರ್‌ನಿಂದ 60 ದಿನ ಮೊದಲೇ ಬುಕಿಂಗ್ ಓಪನ್, ಮೊದಲು 120 ಇತ್ತು. ಏಪ್ರಿಲ್ 5ರ ಟಿಕೆಟ್ ಫೆಬ್ರುವರಿ ಮೊದಲ ವಾರದಲ್ಲೇ ತೆಗೀಬೇಕಿತ್ತು. ಈಗ ವೇಟಿಂಗ್ ಲಿಸ್ಟ್ ನೋಡಿ ಅಳಬೇಕು.

ಮಾಟುಂಗ ಅಕ್ಕ:
ಈಸ್ಟರ್‌ಗೆ ಹೋಗಲಿ ಅಂತ ಯಾರು ಹೇಳಿದ್ದು? ಮೇ ತಿಂಗಳಿಗೆ ತೆಗೆಯಿರಿ. ಈಸ್ಟರ್ ದಿನ ಟಿಕೆಟ್ ಕೈಗೆ ಕೊಡಿ. ಹಲಸು ಮಾವು ಎರಡೂ ಸಿಗುತ್ತದೆ.

ಒರ್ಲೆಂ ಅಮ್ಮ:
ಇದು ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡಿ! ಅಮ್ಮ ಮೂಡಬಿದ್ರೆಯಲ್ಲಿ ಒಬ್ಬರೇ ಇದ್ದಾರೆ. ಮಕ್ಕಳು ಬಂದರೆ ಅವರಿಗೂ ಹಬ್ಬ. ಮಗನನ್ನು ಒಬ್ಬನೇ ಕಳಿಸುವುದಾ? ತಂಗಿಯನ್ನೂ ಅವನ ಜೊತೆ? ಎದೆ ಡವಡವ ಅನ್ನುತ್ತಿದೆ.

ಹತ್ತನೇ ಮುಗೀತು:
ಆಂಟಿ, ಕಳಿಸಿ. ಪ್ಲೀಸ್. ಲೊಕೇಶನ್ ಆನ್ ಮಾಡಿಕೊಂಡು ಹೋಗುತ್ತಾರೆ.

ಕಲೀನಾ ಕಿಚನ್:
ಮಗಳ ವಿಷಯ ಯಾರೂ ಮಾತಾಡಲೇ ಇಲ್ಲ. 13ರ ಹುಡುಗಿ. ಒಂದು ಎಚ್ಚರಿಕೆ: ಈಗ ಹುಡುಗಿಯರೆಲ್ಲ ಮುಖಕ್ಕೆ ಸೀರಮ್ ಬೇಕು ಅಂತ ಹಟ ಹಿಡಿಯುತ್ತಾರೆ. ರೆಟಿನಾಲ್, ಆಸಿಡ್ ಇರುವುದೆಲ್ಲ ಆ ವಯಸ್ಸಿನ ಚರ್ಮಕ್ಕೆ ಬೇಡವೇ ಬೇಡ, ಉರಿ ಎದ್ದು ಕೆಂಪಾಗುತ್ತದೆ. ಕೊಡಲೇಬೇಕು ಅಂದರೆ ಸನ್‌ಸ್ಕ್ರೀನ್ ಕೊಡಿ.

ನಾನು ನನ್ನ ಮಗಳಿಗೆ ಕೊಟ್ಟದ್ದು ಬೇರೆ. ಅವಳಿಗೆ 14 ಆದಾಗ ನನ್ನ ಅಜ್ಜಿಯ ಮಾರ್ಜಿಪಾನ್ ಅಚ್ಚು ಕೊಟ್ಟೆ. ಮರದ್ದು, ಒಂದು ಕಡೆ ಮೀನು, ಒಂದು ಕಡೆ ಹೂವು. ಜೊತೆಗೆ ಅರ್ಧ ಕಿಲೋ ಗೋಡಂಬಿ, ಒಂದು ಬಾಟಲಿ ಪನ್ನೀರು. ಇಲ್ಲಿಯ, ಗೋವಾದ ಮಾರ್ಜಿಪಾನ್ ಬಾದಾಮಿಗಿಂತ ಗೋಡಂಬಿಯಲ್ಲೇ ಜಾಸ್ತಿ ಅಲ್ವಾ. ಗೋಡಂಬಿ ನುಣ್ಣಗೆ ಪುಡಿ ಮಾಡಬೇಕು, ಆದರೆ ಮಿಕ್ಸಿಯಲ್ಲಿ ಜಾಸ್ತಿ ಹೊತ್ತು ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆ. ಸಕ್ಕರೆ, ಮೊಟ್ಟೆಯ ಬಿಳಿ ಸೇರಿಸಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ತಳ ಬಿಟ್ಟು ಉಂಡೆಯಾಗುತ್ತಾ ಬಂದಾಗ ಪನ್ನೀರು ಹಾಕಿ ಇಳಿಸಬೇಕು. ಆಮೇಲೆ ಬಿಸಿ ಇರುವಾಗಲೇ ನಾದಬೇಕು, ಆರಿದರೆ ಬಿರುಕು. ಮೊದಲ ಸಲ ಅವಳು ಅರ್ಧ ಕಿಲೋ ಹಾಳು ಮಾಡಿದಳು. ನಾನು ಬೈಯಲಿಲ್ಲ, ಹಲ್ಲು ಕಚ್ಚಿ ಕೂತೆ, ಗೋಡಂಬಿ ರೇಟು ನಿಮಗೆ ಗೊತ್ತಲ್ಲ. ಎರಡನೇ ಸಲ ಬಂತು. ಈಗ ಅವಳು ನಮ್ಮ ಬಿಲ್ಡಿಂಗಿನಲ್ಲೇ ಆರ್ಡರ್ ತಗೊಳ್ಳುತ್ತಾಳೆ, ನನಗಿಂತ ಜಾಸ್ತಿ. ಕಳೆದ ವರ್ಷ ನನಗೆ ಕಮಿಷನ್ ಕೊಡುತ್ತೇನೆ ಅಂದಳು.

ಕ್ಯಾಂಪ್ ಪುಣೆಕರ:
ಹಾಗಾದರೆ ಅವಳಿಗೊಂದು ಬ್ಯಾಂಕ್ ಖಾತೆ ಮಾಡಿಸಿ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆ ತಾವೇ ನಡೆಸಬಹುದು, ರಿಸರ್ವ್ ಬ್ಯಾಂಕೇ ಬಿಟ್ಟಿದೆ, ಎಷ್ಟು ಮಿತಿ ಅನ್ನೋದು ಬ್ಯಾಂಕಿನವರ ಕೈಯಲ್ಲಿ. ಕವರ್ ಬೇಡ ಅಂದರೆ ಪಾಸ್‌ಬುಕ್ಕಾದರೂ ಕೊಡೋಣ. ನಾನು ಪೂರ್ತಿ ಸೋಲಲ್ಲ.

ಕಲೀನಾ ಕಿಚನ್:
ಪಾಸ್‌ಬುಕ್ ಒಳ್ಳೆಯದೇ. ಅವಳ ದುಡ್ಡು ಈಗ ಕುಕೀಸ್ ಡಬ್ಬಿಯಲ್ಲಿದೆ, ನಾನೇ ಎರಡು ಸಲ ಹಾಲಿನವನಿಗೆ ಅದರಿಂದ ಕೊಟ್ಟಿದ್ದೇನೆ.

ವಾಸ್ಕೋ ಹುಬ್ಬಳ್ಯಾವ:
ಎಲ್ಲರದ್ದೂ ಬಗೆಹರೀತು, ನನ್ನದು ಉಳೀತಲ್ರಿ. ನೆರೆಮನೆ ಹುಡುಗಿಗೆ ಅಚ್ಚು ಕೊಡಕ್ಕೆ ನಮ್ಮಲ್ಲಿ ಅಚ್ಚಿಲ್ಲ. ಇದ್ದರೆ ಸಕ್ಕರೆ ಗೊಂಬೆದು ಐತಿ, ಗೌರಿ ಹುಣ್ಣಿಮೆಗೆ ಮಾಡ್ತೇವಲ್ಲ ಅದು. ನನ್ನ ಹೆಂಡತಿ ಹೇಳ್ತಾಳೆ, ಊರಿಂದ ಧಾರವಾಡ ಪೇಡಾ ತರಿಸೋಣ ಅಂತ. ಅವರ ಹಬ್ಬಕ್ಕೆ ನಮ್ಮ ಪೇಡಾ ನಡೀತದೇನ್ರಿ?

ಹತ್ತನೇ ಮುಗೀತು:
ಅಂಕಲ್, ಪೇಡಾ ಯಾವ ಹಬ್ಬಕ್ಕೂ ನಡೆಯುತ್ತದೆ. ಆದರೆ ಆ ಅಕ್ಕನಿಗೆ ಅಂತ ಬೇರೆ ಡಬ್ಬಿ ಕೊಡಿ. ಮನೆಯವರಿಗೆಲ್ಲ ಸೇರಿ ಒಂದೇ ಡಬ್ಬಿ ಕೊಟ್ಟರೆ ಅವಳಿಗೆ ಎರಡು ಸಿಕ್ಕೀತು. ಅವಳ ಹೆಸರು ಬರೀರಿ. ನಿಮ್ಮ ಮಗಳು ಬರೆದರೆ ಇನ್ನೂ ಒಳ್ಳೆಯದು. ಗಣಿತದ ಕಷ್ಟದ ಲೆಕ್ಕ ಯಾವುದು ಈಗ ಬರುತ್ತದೆ ಅಂತ ಅದರಲ್ಲೇ ಬರೆಯಲಿ.

ಮಾಟುಂಗ ಅಕ್ಕ:
ಸಕ್ಕರೆ ಗೊಂಬೆಯನ್ನೂ ಒಂದೆರಡು ಮಾಡಿ ಇಡಿ. ಆನೆ, ಒಂಟೆ, ಕಳಸ ಎಲ್ಲ ಇರುತ್ತದಲ್ಲ. ಸಕ್ಕರೆ ಪಾಕ ಮರದ ಅಚ್ಚಿಗೆ ಹೊಯ್ಯುವುದಕ್ಕೂ ಕಲೀನಾದವರ ಮಾರ್ಜಿಪಾನಿಗೂ ಅಷ್ಟೇನು ದೂರ ಇಲ್ಲ ಅನ್ನಿಸಿತು ನನಗೆ ಓದುವಾಗ.

ಕಲೀನಾ ಕಿಚನ್:
ಒಂಟೆ ಅಚ್ಚು ಇದೆಯಾ ಅಣ್ಣ? ಒಂದು ಫೋಟೋ ಹಾಕಿ. ನಿಜವಾಗಿ ಕೇಳುತ್ತಿದ್ದೇನೆ.

ಒರ್ಲೆಂ ಅಮ್ಮ:
ಎರಡು ದಿನ ಆಯಿತು ಬರೆಯದೆ. ಮನೆಯಲ್ಲಿ ಮಾತಾಡಿದೆವು. ಮೇ 9ಕ್ಕೆ ಮತ್ಸ್ಯಗಂಧ ಸ್ಲೀಪರ್ ಎರಡು ಟಿಕೆಟ್ ತೆಗೆದಾಯಿತು, ಅಣ್ಣ ತಂಗಿ ಇಬ್ಬರೇ. ಸ್ಟೇಷನ್ನಿಗೆ ನನ್ನ ತಮ್ಮ ಬರುತ್ತಾನೆ. ಯಜಮಾನರು ಗೇಮಿನ ಮಾತು ಬಿಟ್ಟರು, ಆದರೆ ರೈಲಿನಲ್ಲಿ ಖರ್ಚಿಗೆ ಅಂತ ಒಂದು ಕವರ್ ಇಡುತ್ತಾರಂತೆ, ಪುಣೆ ಅಣ್ಣ ಖುಷಿಪಡಿ. ಮಗಳು ಗೋಡಂಬಿ ಕತೆ ಕೇಳಿ ತನಗೂ ಅಚ್ಚು ಬೇಕು ಅಂದಳು. ಅಮ್ಮನಿಗೆ ಫೋನ್ ಮಾಡಿದರೆ, ಅಟ್ಟದ ಮೇಲೆ ಒಂದು ಇರಬೇಕು, ಮಕ್ಕಳು ಬಂದು ಹತ್ತಿ ಹುಡುಕಲಿ ಅಂದರು.

ಮೊಟ್ಟೆಯನ್ನೂ ತರುತ್ತೇನೆ. ಕೋಳಿಮರಿ ಇಲ್ಲದ್ದು. ರಾತ್ರಿ ಪೂಜೆಯಿಂದ ಬಂದ ಮೇಲೆ ದಿಂಬಿನ ಹತ್ತಿರ ಇಟ್ಟು ಲೈಟ್ ಆರಿಸುತ್ತೇನೆ.

ಹತ್ತನೇ ಮುಗೀತು:
ಪೂಜೆ ಮುಗಿದು ಅರ್ಧ ಗಂಟೆ ಅಂಗಳದಲ್ಲಿ?

ಒರ್ಲೆಂ ಅಮ್ಮ:
ಇಪ್ಪತ್ತು ನಿಮಿಷ.

ವಾಸ್ಕೋ ಹುಬ್ಬಳ್ಯಾವ:
ಕಡೇದೊಂದು ಕೇಳ್ತೇನ್ರಿ, ಹೋದ ವರ್ಷದಂಗ ಆಗಬಾರದು. ಪೇಡಾ ಶನಿವಾರ ಕೊಡಲೋ, ಭಾನುವಾರ ಕೊಡಲೋ?

ವಸಾಯಿ ಮೇಷ್ಟ್ರು:
ಭಾನುವಾರ. ಒಂಬತ್ತು ಗಂಟೆಯ ಮೇಲೆ ಹೋಗಿ, ರಾತ್ರಿ ಪೂಜೆ ಮುಗಿಸಿ ತಡವಾಗಿ ಮಲಗಿರುತ್ತಾರೆ. ಈ ಸಲ ಅಜ್ಜಿಗೆ ಧೈರ್ಯವಾಗಿ ಹ್ಯಾಪಿ ಈಸ್ಟರ್ ಅನ್ನಿ. ಮತ್ತೆ ಊಟಕ್ಕೆ ಕೂರಿ ಅಂದರೆ ಬೇಡ ಅನ್ನಬೇಡಿ.